ದಿಂಬಿನ ಚೀಲದಲ್ಲಿದ್ದ ಕಾಗದ

ಜನವರಿ 9

ಕಡ್ಡಿಗೆ,

ಎರಡು ವಾರ ಆಯಿತು. ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿಳಿದು ಬಸ್ಸು ಹತ್ತಿದವಳು ಬಸ್ಸಿನಲ್ಲೇ ಸಂಸಾರ ಹೂಡಿದೆಯೋ ಹೇಗೆ? ಎರಡನೇ ಕ್ಲಾಸು ಓದಿದ ನಾನು ಬರೆಯುತ್ತಿದ್ದೇನೆ, ಹದಿನಾಲ್ಕು ವರ್ಷ ಓದಿದ ನೀನು ಬಾಯಿ ಹೊಲಿದುಕೊಂಡು ಕೂತಿದ್ದೀಯ.

ಇಲ್ಲಿ ನಿನ್ನ ಸೋದರಮಾವನ ಮುಖ ಇನ್ನೂ ಊದಿಕೊಂಡೇ ಇದೆ. ‘ನಮ್ಮ ಹುಡುಗಿಯನ್ನು ನಿಮಗೇ ಕೊಡುತ್ತೇನೆ’ ಎಂದು ಸಾಮಿಲ್ಲಿನ ಯಜಮಾನನಿಗೆ ಹೇಳಿ ಬಂದಿದ್ದವನು ಈಗ ಆ ಬೀದಿ ತಪ್ಪಿಸಿ ಓಡಾಡುತ್ತಾನೆ. ಮೊನ್ನೆ ಯಜಮಾನನೇ ಬಂದು ಕೂತ. ‘ಹುಡುಗಿ ಬುದ್ಧಿವಂತೆ ಅಂದ್ಕೊಂಡಿದ್ದೆ ಅಮ್ಮಾ’ ಅಂದ. ‘ಹೌದಪ್ಪ, ಅದಕ್ಕೇ ಹೋದ್ಲು’ ಅಂದೆ. ಐವತ್ತೆರಡು ವರ್ಷದವನಿಗೆ ಕೂದಲಿಗೆ ಬಣ್ಣ ಬೇರೆ. ಕಿವಿಗೂ ಹತ್ತಿತ್ತು.

ಈಗ ಕೆಲಸದ ಮಾತು. ಈ ಮದುವೆ ಯಾಕಾಯಿತು ಎನ್ನುವುದು ಮೂರೇ ಜನಕ್ಕೆ ಗೊತ್ತು: ನಿನಗೆ, ನನಗೆ, ಆ ದರ್ಜಿಯ ಮಗನಿಗೆ. ಅವನು ಸಿನಿಮಾ ಓಡಿಸುವ ಆಪರೇಟರ್ ಆಗಿರುವ ಥಿಯೇಟರಿನ ಮಾಲೀಕ ಸಂಸಾರಸ್ಥನಿಗಲ್ಲದೆ ಕೋಣೆ ಕೊಡುವುದಿಲ್ಲ ಅಂದ. ಅವನಿಗೊಂದು ಹೆಂಡತಿ ಬೇಕಿತ್ತು. ನಿನಗೆ ಆಸ್ಪತ್ರೆಯ ಲ್ಯಾಬ್ ಕೋರ್ಸು ಮುಗಿಸಲು ಒಂದು ಸೂರು, ಮಾವ ಎಳೆದು ತರಲಾರದ ಹಾಗೆ ಒಬ್ಬ ಗಂಡ ಬೇಕಿತ್ತು. ನಾನು ಎರಡನ್ನೂ ತಂದು ಒಂದು ಕಡೆ ಕೂರಿಸಿದೆ, ಅಷ್ಟೇ. ಹತ್ತು ತಿಂಗಳು. ಪರೀಕ್ಷೆ ಮುಗಿದು ಕೆಲಸ ಸಿಕ್ಕಿದ ದಿನ ಇಬ್ಬರೂ ಇನ್ನೊಂದು ಕಾಗದಕ್ಕೆ ಸಹಿ ಹಾಕಿ ನಿಮ್ಮ ನಿಮ್ಮ ದಾರಿ ಹಿಡಿಯಿರಿ.

ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಅವನ ಅಪ್ಪನ ಹೊಲಿಗೆ ಯಂತ್ರದ ಮೇಲೆ ಕೈಯಿಡಿಸಿ, ‘ಅವಳು ಹೋಗುವ ದಿನ ಇರು ಅನ್ನುವುದಿಲ್ಲ’ ಅಂತ ಹೇಳಿಸಿದೆ. ಇಲ್ಲಿ ನನ್ನ ಸೊಸೆಗೆ, ನಿನ್ನ ಅತ್ತೆಗೆ, ಈ ಒಪ್ಪಂದದ ವಾಸನೆ ಬಡಿದರೆ ಮಾವ ಮಾರನೇ ದಿನವೇ ಬಂದು ‘ಇದು ಮದುವೆಯೇ ಅಲ್ಲ’ ಎಂದು ನಿನ್ನನ್ನು ಹೊರಡಿಸಿಕೊಂಡು ಬರುತ್ತಾನೆ. ಅದಕ್ಕೇ ನಿನ್ನ ಕಾಗದವನ್ನು ನನ್ನ ಕೈಗೇ ಕೊಡಬೇಕು ಎಂದು ಅಂಚೆಯವನಿಗೆ ಹೇಳಿಟ್ಟಿದ್ದೇನೆ. ಬರೆ.

ನಿನ್ನ ಅಜ್ಜಿ


ಫೆಬ್ರವರಿ 2

ಅಜ್ಜಿ,

ಬೈದದ್ದು ತಲುಪಿತು. ಅದಕ್ಕೆ ಅಂಚೆ ಚೀಟಿ ದಂಡ, ಇಲ್ಲಿಗೇ ಕೇಳಿಸುತ್ತಿತ್ತು.

ನಮ್ಮ ಕೋಣೆ ಥಿಯೇಟರಿನ ಮೇಲ್ಮಹಡಿಯಲ್ಲಿ. ಗೋಡೆಯ ಆ ಕಡೆ ಪ್ರೊಜೆಕ್ಟರಿನ ಕ್ಯಾಬಿನ್. ಯಂತ್ರ ಓಡುವಾಗ ಗೋಡೆ ಜ್ವರ ಬಂದ ಹಾಗೆ ಬಿಸಿಯಾಗುತ್ತದೆ. ಒದ್ದೆ ಬಟ್ಟೆಯನ್ನು ಅದರ ಪಕ್ಕದಲ್ಲೇ ಹರಡುತ್ತೇನೆ. ಇರುವ ಒಂದು ಮಂಚ ನನಗೆ. ಅವರು ಕ್ಯಾಬಿನ್ನಿನ ಬೆಂಚಿನ ಮೇಲೆ, ರೀಲಿನ ಡಬ್ಬಿಗಳ ನಡುವೆ ಮಲಗುತ್ತಾರೆ. ತಮ್ಮದೇ ಕೋಣೆಗೆ ಬರುವಾಗಲೂ ಬಾಗಿಲು ತಟ್ಟಿ, ಕೆಮ್ಮಿ, ‘ಮೇಡಂ, ಬರಬಹುದಾ?’ ಎನ್ನುತ್ತಾರೆ. ಒಂದು ರೀಲು ಓಡುವುದು ಹದಿನೆಂಟು ನಿಮಿಷ. ಅವರ ಊಟ, ಸ್ನಾನ, ಮಾತು ಎಲ್ಲ ಅದರೊಳಗೇ. ಒಂದು ಮಾತು ಅರ್ಧಕ್ಕೆ ನಿಂತರೆ ಉಳಿದರ್ಧ ಮುಂದಿನ ರೀಲಿಗೆ ಬರುತ್ತದೆ. ನಾನು ಅಷ್ಟು ಹೊತ್ತು ಕಾದಿರಬೇಕು.

ಮಾಲೀಕರ ಹೆಂಡತಿ ಒಂದು ದಿನ ನಮ್ಮನ್ನು ಪರೀಕ್ಷೆ ಮಾಡಲು ಬಂದಿದ್ದರು. ‘ಏನಮ್ಮಾ, ಹೊಸ ಸಂಸಾರ ಅಂತೀರಿ, ಒಂದು ಫೋಟೋನೂ ಇಲ್ವಲ್ಲ?’ ಅಂದರು. ಇವರು ಕ್ಯಾಬಿನ್ನಿಂದ ಕತ್ತು ಹಾಕಿ, ‘ಸ್ಟುಡಿಯೋದವನು ಇನ್ನೂ ಕೊಟ್ಟಿಲ್ಲಮ್ಮ’ ಅಂದರು. ಮಾರನೇ ದಿನವೇ ಓಡಿಹೋಗಿ ತೆಗೆಸಿಕೊಂಡು ಬಂದೆವು. ಫೋಟೋದಲ್ಲಿ ಇಬ್ಬರೂ ಡಾಕ್ಟರ ಸರದಿಗೆ ಕಾಯುತ್ತ ಕೂತವರ ಹಾಗೆ ಕಾಣುತ್ತೇವೆ.

ಒಳ್ಳೆಯವರು ಅಜ್ಜಿ. ನೀನು ಚಿಂತೆ ಮಾಡಬೇಡ. ಒಳ್ಳೆಯವರೇ.

ಕಡ್ಡಿ


ಜುಲೈ 20

ಅಜ್ಜಿ,

ತಿಂಗಳುಗಟ್ಟಲೆ ಬರೆಯಲಿಲ್ಲ ಎಂದು ಶುರು ಮಾಡಬೇಡ. ಪಾಠ ಹೆಚ್ಚಾಗಿದೆ. ರಕ್ತದ ಕಣಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಅವರು ರೀಲಿನ ನಡುವೆ ಬಂದು ಒಂದೊಂದೇ ಚೀಟಿ ಎತ್ತಿ ಪ್ರಶ್ನೆ ಕೇಳುತ್ತಾರೆ. ನಾನು ತಪ್ಪಿದರೆ ಅವರೇ ಉತ್ತರ ಹೇಳುತ್ತಾರೆ. ಪರೀಕ್ಷೆಗೆ ಅವರನ್ನೇ ಕಳಿಸಬಹುದು.

ಇಲ್ಲಿ ಏಳು ವಾರದಿಂದ ಒಂದೇ ಹಿಂದಿ ಸಿನಿಮಾ ಓಡುತ್ತಿದೆ. ಹಾಡು ಹೇಳಿಕೊಡುವ ಹುಡುಗಿ, ಹಡಗಿನಲ್ಲಿ ಕೆಲಸ ಮಾಡುವವನು. ಅವಳಿಗೆ ಮನೆ ಇಲ್ಲ, ಅವನಿಗೆ ಕಾಯಿಲೆಯ ತಾಯಿಯ ಮುಂದೆ ತೋರಿಸಲು ಹೆಂಡತಿ ಬೇಕು. ಒಂದು ವರ್ಷಕ್ಕೆಂದು ಮದುವೆಯಾಗುತ್ತಾರೆ. ನಗಬೇಡ. ನಾನು ಕಣ್ಣಿನಿಂದ ನೋಡಿದ್ದು ಒಂದೇ ಸಲ, ಗೋಡೆಯಿಂದ ಕೇಳುವುದು ದಿನಕ್ಕೆ ಮೂರು ಸಲ. ಹಿಂದಿ ಈಗ ತಡವರಿಸದೆ ಬರುತ್ತದೆ.

ಕೊನೆಗೆ ಅವಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ‘ಹೋಗಲಾ?’ ಎಂದು ಕೇಳುತ್ತಾಳೆ. ಯಂತ್ರದ ಸದ್ದು ಮಾತ್ರ. ಆಮೇಲೆ, ‘ಹೋಗಬೇಡ’ ಅನ್ನುತ್ತಾನೆ. ಜನ ಸೀಟಿ ಹೊಡೆಯುತ್ತಾರೆ. ನಾನು ಆ ಹೊತ್ತಿಗೆ ಏನು ಓದುತ್ತಿದ್ದರೂ ಪುಸ್ತಕ ಮುಚ್ಚಿ ಕೂರುತ್ತೇನೆ.

ಹೋದ ವಾರ ಆ ಜಾಗ ಬಂದಾಗ ಅವರು ಕೋಣೆಯಲ್ಲಿದ್ದರು, ತಟ್ಟೆ ಹಿಡಿದು ನಿಂತೇ ಊಟ ಮಾಡುತ್ತಿದ್ದರು. ತುತ್ತು ಬಾಯಿಗೆ ಹೋಗಲಿಲ್ಲ. ಇಬ್ಬರೂ ಗೋಡೆಯನ್ನು ನೋಡುತ್ತ ನಿಂತೆವು. ‘ಹೋಗಬೇಡ’ ಆಯಿತು, ಸೀಟಿಯೂ ಆಯಿತು. ಅವರು, ‘ಉಪ್ಪು ಸರಿ ಇದೆ ಮೇಡಂ’ ಅಂದರು. ನಾನು ಕೇಳಿರಲೇ ಇಲ್ಲ.

ಇನ್ನೇನೂ ವಿಶೇಷವಿಲ್ಲ.

ಕಡ್ಡಿ


ಆಗಸ್ಟ್ 3

ಕಡ್ಡಿಗೆ,

ನಾಲ್ಕು ಪುಟ ಬರೆದಿದ್ದೀಯ, ಅದರಲ್ಲಿ ಮೂರು ಪುಟ ಸಿನಿಮಾ. ನಾನೇನು ಟಿಕೆಟ್ ಕೇಳಿದ್ದೆನೇ?

ಆ ಸಿನಿಮಾ ಇಲ್ಲಿಗೂ ಬಂದಿದೆ. ಪಕ್ಕದ ಮನೆಯ ನರ್ಸಮ್ಮನನ್ನು ಕರೆದುಕೊಂಡು ಹೋಗಿ ನೋಡಿಯೂ ಬಂದೆ. ಹಿಂದಿ ನನಗೆ ಒಂದಕ್ಷರ ಬರದು, ಕಣ್ಣಿಗೆ ಬೇರೆ ಪರದೆಯ ಮೇಲೊಂದು ಪರದೆ. ಆದರೂ ತಿಳಿಯಿತು. ಆ ಹುಡುಗಿ ಬಂದದ್ದು ಒಂದು ಪೆಟ್ಟಿಗೆ ಹಿಡಿದುಕೊಂಡು, ಉಟ್ಟದ್ದು ಮೂವತ್ತೊಂದು ಸೀರೆ. ಎಣಿಸಿದ್ದೇನೆ. ನರ್ಸಮ್ಮ ಅತ್ತಳು. ‘ಯಾಕೆ ಅಳ್ತೀಯ, ಇಬ್ಬರೂ ಚೆನ್ನಾಗೇ ಇದಾರಲ್ಲ?’ ಅಂದೆ. ‘ಅದಕ್ಕೇ ಅಳೋದು ಅಜ್ಜಿ’ ಅಂದಳು.

ಈಗ ನನ್ನ ಮಾತು ಕೇಳು. ನೀನು ಬರೆಯದೆ ಬಿಟ್ಟದ್ದನ್ನೂ ಓದಿದ್ದೇನೆ. ಆ ಹುಡುಗ ಕೆಟ್ಟವನಲ್ಲ, ನನ್ನ ಕೈಯಲ್ಲೇ ಉಂಡು ಬೆಳೆದವನು. ಆದರೆ ಪರೀಕ್ಷೆಗೆ ಎರಡು ತಿಂಗಳಿದೆ. ಇಷ್ಟು ಸುಳ್ಳು ಹೇಳಿ ನಿನ್ನನ್ನು ಅಲ್ಲಿಗೆ ಕಳಿಸಿದ್ದು ಗೋಡೆ ನೋಡುತ್ತ ನಿಲ್ಲಲಿ ಅಂತಲ್ಲ. ಮೊದಲು ಪಾಸಾಗು. ಆಮೇಲೆ ಏನಿದ್ದರೂ ನನಗೆ ಬರೆ, ಕೂತು ಯೋಚಿಸೋಣ. ಅವಸರ ಏನಿದೆ?

ಮುಂದಿನ ತಿಂಗಳು ಕಣ್ಣಿನ ಆಪರೇಷನ್ ಮಾಡಿಸುತ್ತಾರಂತೆ. ಹತ್ತು ದಿನ ಕಟ್ಟು ಕಟ್ಟುತ್ತಾರೆ. ಈಗಲೇ ಸಾಲು ಮೇಲೆ ಕೆಳಗೆ ಹೋಗುತ್ತಿದೆ, ನೋಡಿದೆಯಲ್ಲ?

ಅಜ್ಜಿ


ಸೆಪ್ಟೆಂಬರ್ 11

ಅಜ್ಜಿಯವರಿಗೆ,

ನಾನು ಕಾಗದ ಬರೆದು ರೂಢಿಯಿಲ್ಲದವನು. ರೀಲು ಬದಲಿಸುವ ನಡುವೆ ಬರೆಯುತ್ತಿದ್ದೇನೆ, ಅಲ್ಲಲ್ಲಿ ತುಂಡಾಗಿದ್ದರೆ ಕ್ಷಮಿಸಿ.

ಮೇಡಂ ಅವರ ಪರೀಕ್ಷೆ ಅಕ್ಟೋಬರ್ ಮೊದಲ ವಾರ. ಅವರು ಪಾಸಾಗುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ದೂರದ ಆಸ್ಪತ್ರೆಯೊಂದರವರು ಈಗಲೇ ಕೆಲಸಕ್ಕೆ ಕೇಳಿದ್ದಾರೆ. ಒಪ್ಪಂದದಂತೆ ಅವರು ಹೋಗಬೇಕು, ನಾನು ತಡೆಯಬಾರದು. ಅಪ್ಪನ ಯಂತ್ರದ ಮೇಲೆ ಕೈಯಿಟ್ಟು ನಿಮಗೆ ಹೇಳಿದ್ದೇನೆ.

ಆ ಮಾತಿನಿಂದ ನನ್ನನ್ನು ಬಿಡಿಸುತ್ತೀರಾ?

ಒಂದೇ ಸಲ, ‘ಹೋಗಬೇಡಿ’ ಎಂದು ಕೇಳಲು ಮಾತ್ರ. ಅವರು ‘ಹೋಗುತ್ತೇನೆ’ ಅಂದರೆ ಪೆಟ್ಟಿಗೆಯನ್ನು ನಾನೇ ಹೊತ್ತು ನಿಲ್ದಾಣಕ್ಕೆ ತರುತ್ತೇನೆ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕೇಳದೆ ಗೊತ್ತಾಗುವ ಹಾಗಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಕೇಳುವ ಹಾಗಿಲ್ಲ. ಅವರಿಗೆ ತಾಯಿ ತಂದೆ ಎಲ್ಲ ನೀವೇ.

ಒಂದು ಸಾಲು ಬರೆದರೆ ಸಾಕು. ಕೊಟ್ಟ ಮಾತು ಹಾಗೇ ಇರಲಿ ಎಂದು ನೀವು ಬರೆದರೂ ನನಗೆ ಬೇಸರವಿಲ್ಲ. ಎರಡನೇ ಸಲ ಕೇಳಿ ನಿಮಗೆ ತೊಂದರೆ ಕೊಡುವುದಿಲ್ಲ.

ನಿಮ್ಮ ಕೈಯ ಅನ್ನ ಉಂಡವನು,
ದರ್ಜಿಯ ಮಗ


ಸೆಪ್ಟೆಂಬರ್ 24

ಕಡ್ಡಿಗೆ ನಿನ್ನ ಅಜ್ಜಿ ಹೇಳಿ ಬರೆಸುವ ಕಾಗದ. ಬರೆಯುತ್ತಿರುವುದು ನಾನು, ನಿನ್ನ ಅತ್ತೆ.

ಆಪರೇಷನ್ ಹನ್ನೆರಡನೇ ತಾರೀಖು ಆಯಿತು. ಕಣ್ಣಿನಲ್ಲಿ ಕೀವು ಸೇರಿಕೊಂಡು ಈಗ ಎರಡೂ ಕಣ್ಣಿಗೆ ಕಟ್ಟು ಹಾಕಿದ್ದಾರೆ. ಹತ್ತು ದಿನ ಅಂದವರು ಈಗ ಎಷ್ಟು ವಾರವೋ ಹೇಳಲಾಗುವುದಿಲ್ಲ ಅನ್ನುತ್ತಿದ್ದಾರೆ. ಡಾಕ್ಟರಿಗೆ ನಿನ್ನೆ ಇವರು, ‘ನನ್ನ ಕಣ್ಣು ತೆಗೆದು ಯಾರಿಗಾದ್ರೂ ಇಟ್ಟಿದೀಯೇನಪ್ಪಾ?’ ಅಂದರು. ಇದನ್ನು ಬರೆಯಬೇಡ ಅಂದರು. ಬರೆದಿದ್ದೇನೆ.

ನೀನು ಚೆನ್ನಾಗಿ ಓದಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ.

ನಿನ್ನ ಗಂಡನ ಕಾಗದವೊಂದು ಬಂದಿದೆ. ಅಂಚೆಯವನು ಹೆಸರು ಓದಿ ಹೇಳಿ ಕೈಗೆ ಕೊಟ್ಟು ಹೋದ. ಅವತ್ತಿನಿಂದ ಅದು ಇವರ ದಿಂಬಿನ ಚೀಲದೊಳಗಿದೆ. ‘ಕೊಡಿ, ಓದಿ ಹೇಳ್ತೀನಿ’ ಅಂದರೆ ದಿಂಬನ್ನು ಎದೆಗೆ ಅವಚಿಕೊಳ್ಳುತ್ತಾರೆ. ‘ಅದರಲ್ಲೇನಿದೆ ಅಂಥದ್ದು? ಉತ್ತರ ಬೇಡ್ವಾ ಅವನಿಗೆ?’ ಎಂದು ಕೇಳಿದೆ. ದಿಂಬನ್ನು ಸರಿಮಾಡಿಕೊಂಡು, ‘ಬರಿ’ ಅಂದರು. ಅವರು ಹೇಳಿದ್ದು ಇದು: ನಿನ್ನ ಕಾಗದ ತಲುಪಿದೆ ಅಂತ ಅವನಿಗೆ ಹೇಳು. ಕೊಟ್ಟ ಮಾತು ಹಾಗೇ ಇರಲಿ. ಅಷ್ಟೇ ನನ್ನ ಉತ್ತರ.

‘ಏನು ಮಾತು?’ ಎಂದೆ. ‘ನನ್ನ ಮೊಮ್ಮಗಳನ್ನ ಚೆನ್ನಾಗಿ ನೋಡ್ಕೋತೀನಿ ಅಂದಿದ್ದ. ಅದೂ ನಿನಗೆ ಬೇಕಾ?’ ಅಂದರು. ನನಗೆ ಯಾಕೆ ಬೇಕು?

ನಿನ್ನ ಅತ್ತೆ, ಅಜ್ಜಿಯ ಪರವಾಗಿ


ಅಕ್ಟೋಬರ್ 9

ಅಜ್ಜಿ,

ಇದನ್ನೂ ನೀನು ಯಾರ ಕೈಗೂ ಕೊಡುವುದಿಲ್ಲ ಎಂದು ಗೊತ್ತು. ಕಟ್ಟು ಬಿಚ್ಚಿದ ಮೇಲೆ ನೀನೇ ಓದು. ಬೇಗ ಬಿಚ್ಚುತ್ತಾರಲ್ಲವಾ?

ಪರೀಕ್ಷೆ ಮುಗಿಯಿತು, ಚೆನ್ನಾಗಿ ಬರೆದಿದ್ದೇನೆ. ನಾನು ಹೇಳಬೇಕಾದದ್ದು ಬೇರೆ.

ನೀನು ಬರೆಸಿದ ಸಾಲನ್ನು ಅವತ್ತೇ ಅವರಿಗೆ ಓದಿ ಹೇಳಿದೆ. ‘ಇನ್ನೊಂದ್ಸಲ ಓದಿ ಮೇಡಂ’ ಅಂದರು. ಓದಿದೆ. ‘ಅಷ್ಟೇನಾ?’ ‘ಅಷ್ಟೇ.’ ‘ಸರಿ.’ ಚಹಾ ಕುಡಿದ ಲೋಟವನ್ನು ತೊಳೆದು, ಒರೆಸಿ, ಮತ್ತೆ ತೊಳೆದರು. ಅವತ್ತು ಸಂಜೆಯ ಆಟದಲ್ಲಿ ರೀಲು ಮುಗಿದು ಪರದೆ ಬೆಳ್ಳಗಾಯಿತು. ಜನ ಕೂಗಾಡಿದರು. ಹನ್ನೊಂದು ವರ್ಷದಲ್ಲಿ ಅವರ ಕೈಯಲ್ಲಿ ಅದೇ ಮೊದಲಂತೆ. ‘ಅಜ್ಜಿಗೆ ಏನು ಬರೆದಿದ್ದಿರಿ?’ ಎಂದು ಕೇಳಿದೆ. ‘ಒಪ್ಪಂದದ ವಿಷಯ’ ಅಂದರು. ಅದರ ಮೇಲೆ ಏನು ಕೇಳುವುದು?

ಹೋದ ಸೋಮವಾರದಿಂದ ದಿನಕ್ಕೆ ನಾಲ್ಕು ಆಟ. ಹೊತ್ತು ಹೊಂದಿಸಲು ಸಿನಿಮಾದಲ್ಲಿ ಹತ್ತು ನಿಮಿಷ ಕತ್ತರಿಸು ಎಂದು ಮಾಲೀಕರು ಹೇಳಿದರಂತೆ. ಎಲ್ಲಿ ಕತ್ತರಿಸಬೇಕು ಎನ್ನುವುದು ಆಪರೇಟರಿಗೆ ಬಿಟ್ಟದ್ದು. ಎಲ್ಲ ಕಡೆಯೂ ಹಾಡು ತೆಗೆಯುತ್ತಾರೆ. ಈ ಸಿನಿಮಾದಲ್ಲಿ ಏಳು ಹಾಡಿವೆ ಅಜ್ಜಿ. ಸೋಮವಾರ ಸಂಜೆ ಪುಸ್ತಕ ಮುಚ್ಚಿ ಕೂತಿದ್ದೆ. ಏಳೂ ಹಾಡು ಬಂದವು. ಅವಳು ‘ಹೋಗಲಾ?’ ಅನ್ನಲಿಲ್ಲ. ಅವನು ‘ಹೋಗಬೇಡ’ ಅನ್ನಲಿಲ್ಲ. ನೇರವಾಗಿ ಸಮುದ್ರದ ಸದ್ದು, ಮುಗಿಯಿತು. ಸೀಟಿಯೂ ಇಲ್ಲ.

ನಾನಿಲ್ಲಿ ಕೂತು ಅದನ್ನೇ ಕೇಳುತ್ತೇನೆ ಎಂದು ಅವರಿಗೆ ಗೊತ್ತು. ಗೊತ್ತಿದ್ದೂ ಅದನ್ನೇ ತೆಗೆದರು. ಬಾಯಿಂದ ಹೇಳಲು ಸಂಕೋಚದ ಮನುಷ್ಯ, ಕತ್ತರಿಯಲ್ಲಿ ಹೇಳಿದರು.

ದೂರದ ಆಸ್ಪತ್ರೆಯವರು ಒಪ್ಪಿಗೆ ಕೇಳಿದ್ದಾರೆ. ಮೂರು ವರ್ಷದ ಕರಾರು. ಹೋಗಲಾ ಅಜ್ಜಿ? ನೀನು ಒಂದು ಮಾತು ಹೇಳುವವರೆಗೂ ಕಾಯುತ್ತೇನೆ. ಇಪ್ಪತ್ತೈದರವರೆಗೆ ಕಾಯಬಹುದು.

ಕಡ್ಡಿ


ಅಕ್ಟೋಬರ್ 27

ಅಜ್ಜಿ,

ನಿನ್ನಿಂದ ಏನೂ ಬರಲಿಲ್ಲ. ಕಣ್ಣು ಹೇಗಿದೆಯೋ.

ನಿನ್ನೆ ವಕೀಲರ ಕಚೇರಿಯಲ್ಲಿ ಬೇರೆಯಾಗುವ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಗುಮಾಸ್ತರು, ‘ಜಗಳ ಏನಾದ್ರೂ?’ ಎಂದು ಕೇಳಿದರು. ಅವರು, ‘ಇಲ್ಲ ಸರ್, ಒಂದು ದಿನವೂ ಇಲ್ಲ’ ಅಂದರು. ಗುಮಾಸ್ತರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು.

ಇವತ್ತು ಬೆಳಗ್ಗೆ ನಿಲ್ದಾಣಕ್ಕೆ ಅವರೇ ಪೆಟ್ಟಿಗೆ ತಂದರು. ದಾರಿಯುದ್ದಕ್ಕೂ ಅಲ್ಲಿಯ ನೀರು ಕುದಿಸಿ ಕುಡಿಯಿರಿ, ಹಾಸ್ಟೆಲಿನ ಕಿಟಕಿಗೆ ಚಿಲಕ ಇದೆಯಾ ನೋಡಿ, ಇಂಥವೇ ಮಾತು. ರೈಲು ಬರಲು ಹದಿನೈದು ನಿಮಿಷವಿತ್ತು. ನಾನು, ‘ಹೋಗಲಾ?’ ಅಂದೆ. ಬಾಯಿತಪ್ಪಿ ಬಂತೋ, ಬೇಕೆಂದೇ ಕೇಳಿದೆನೋ, ನನಗೂ ತಿಳಿಯದು. ಅವರು ಗಡಿಯಾರ ನೋಡಿ, ‘ಬೆಳಗಿನ ಆಟ ಇದೆ ಮೇಡಂ’ ಎಂದು ಹೊರಟುಹೋದರು. ಬೆಳಗಿನ ಆಟಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು.

ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ವಿಳಾಸ ಆಮೇಲೆ ತಿಳಿಸುತ್ತೇನೆ.

ಕಡ್ಡಿ


ಅಕ್ಟೋಬರ್ 30

ಅಜ್ಜಿಯವರಿಗೆ,

ನಿಮ್ಮ ಮೊಮ್ಮಗಳು ಕ್ಷೇಮವಾಗಿ ಹೊರಟಿದ್ದಾರೆ. ಕಿಟಕಿಯ ಪಕ್ಕದ ಜಾಗ ಸಿಕ್ಕಿತು.

ನೀವು ಬರೆಸಿದ ಉತ್ತರವನ್ನು ಅವರ ಬಾಯಲ್ಲೇ ಕೇಳಿದೆ. ನಿಮ್ಮದೇನೂ ತಪ್ಪಿಲ್ಲ, ನಾನೇ ಕೇಳಬಾರದ್ದು ಕೇಳಿದ್ದೆ. ಮಾತು ಉಳಿಸಿಕೊಂಡಿದ್ದೇನೆ. ಒಂದು ಸಲ ಮಾತ್ರ ಕಷ್ಟವಾಯಿತು, ನಿಲ್ದಾಣದಲ್ಲಿ. ಅಲ್ಲಿ ಇನ್ನೆರಡು ನಿಮಿಷ ನಿಂತಿದ್ದರೆ ಮಾತು ಮುರಿಯುತ್ತಿದ್ದೆ, ಅದಕ್ಕೇ ಹೊರಟು ಬಂದೆ. ಸಿನಿಮಾದಲ್ಲೂ ಒಂದು ಕಡೆ ಅಂಥದೇ ಮಾತಿತ್ತು. ನಿಮ್ಮ ಉತ್ತರ ಬಂದ ಮೇಲೆ ಅದನ್ನು ದಿನಕ್ಕೆ ನಾಲ್ಕು ಸಲ ಕೇಳಲು ನನ್ನಿಂದ ಆಗಲಿಲ್ಲ, ಕತ್ತರಿಸಿಬಿಟ್ಟೆ. ಮೇಡಂ ಗಮನಿಸಿರಲಾರರು, ಅವರು ಆ ಹೊತ್ತಿಗೆ ಓದುತ್ತಿರುತ್ತಾರೆ.

ಸಂಸಾರ ಇಲ್ಲದವನಿಗೆ ಕೋಣೆ ಇಲ್ಲ. ನಾಡಿದ್ದು ಖಾಲಿ ಮಾಡುತ್ತೇನೆ. ಊರೂರು ತಿರುಗುವ ಟೂರಿಂಗ್ ಟಾಕೀಸಿನವರ ಜೊತೆ ಕೆಲಸ ಸಿಕ್ಕಿದೆ. ನಿಮ್ಮ ಕಣ್ಣು ಬೇಗ ವಾಸಿಯಾಗಲಿ.

ದರ್ಜಿಯ ಮಗ


ನವೆಂಬರ್ 6

ಲೋ ದರ್ಜಿಯ ಮಗನೇ,

ಇದು ಕೈಗೆ ಸಿಕ್ಕಿದ ಕೂಡಲೇ ಇದ್ದದ್ದು ಇದ್ದ ಹಾಗೇ ಬಿಟ್ಟು ರೈಲು ಹತ್ತು. ಅವಳು ಯಾವ ಆಸ್ಪತ್ರೆಗೆ ಹೋಗಿದ್ದಾಳೆ ಎಂದು ನಿನಗೆ ಗೊತ್ತಿದೆ, ನನಗಿನ್ನೂ ಗೊತ್ತಿಲ್ಲ. ನಿನ್ನ ಟಾಕೀಸಿನ ಟೆಂಟಿನ ವಿಳಾಸವೂ ಗೊತ್ತಿಲ್ಲ, ಥಿಯೇಟರಿಗೇ ಹಾಕುತ್ತಿದ್ದೇನೆ.

ಮೊನ್ನೆ ಕಟ್ಟು ಬಿಚ್ಚಿದರು. ಮೊದಲು ಓದಿದ್ದು ನಿನ್ನ ಕಾಗದ. ಏಳು ವಾರ ಅದರ ಮೇಲೆ ತಲೆಯಿಟ್ಟು ಮಲಗಿದ್ದೆ ಕಣೋ. ಒಳಗೇನಿದೆ ಎಂದು ನನಗೆ ತಿಳಿಯದು. ಒಪ್ಪಂದದ ವಿಷಯ ಇದ್ದೀತು ಎಂದು ಯಾರ ಕೈಯಲ್ಲೂ ಓದಿಸಲಿಲ್ಲ. ಸೊಸೆ ಸಂಶಯದಿಂದ ಕೇಳಿದಳು. ಸುಮ್ಮನಿದ್ದರೆ ಅವಳ ಸಂಶಯ ಬೆಳೆಯುತ್ತದೆ ಎಂದು, ಯಾವ ಕಾಗದಕ್ಕಾದರೂ ಹೊಂದುವಂಥ ಒಂದು ಉತ್ತರ ಹುಡುಕಿ ಹೇಳಿದೆ. ಅದು ನಿನ್ನ ಕಾಗದಕ್ಕೇ ಹೊಂದಿಬಿಟ್ಟಿತು.

ಮಾತಿನಿಂದ ಬಿಡಿಸಿದ್ದೇನೆ. ಕೇಳಿಸಿತೇ? ಬಿಡಿಸಿದ್ದೇನೆ. ನೀನು ಕೇಳಿದ್ದರೆ ಸೆಪ್ಟೆಂಬರಿನಲ್ಲೇ ಬಿಡಿಸುತ್ತಿದ್ದೆ. ಕೇಳಿದ್ದೆ ಅನ್ನುತ್ತೀಯ. ಹೌದು, ನೀನು ಕೇಳಿದ್ದೆ.

ಮಾತು ಉಳಿಸಿಕೊಂಡೆ ಎಂದು ನನ್ನ ಮುಂದೆ ಹೇಳಿಕೊಳ್ಳುತ್ತೀಯಲ್ಲ, ಬುದ್ಧಿಯಿಲ್ಲದವನೇ. ಹುಡುಗಿ ಬಾಯಿಬಿಟ್ಟು ‘ಹೋಗಲಾ’ ಅಂದಾಗ ಮುದುಕಿಯ ಮಾತು ಯಾವ ಲೆಕ್ಕ? ಮುರಿಯಬಾರದಿತ್ತೇ? ನಾನೇನು ನಿನ್ನನ್ನು ನೇಣಿಗೆ ಹಾಕುತ್ತಿದ್ದೆನೇ?

ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ಹೋಗಪ್ಪ. ಹೊರಡು.

ಅಜ್ಜಿ


ನವೆಂಬರ್ 22

ಅಜ್ಜಿ,

ಮೇಲೆ ಬರೆದದ್ದು ನನ್ನ ಹೊಸ ವಿಳಾಸ. ಕೆಲಸ ಚೆನ್ನಾಗಿದೆ. ಬೆಳಗ್ಗೆ ಎಂಟರಿಂದ ಗಾಜಿನ ಪಟ್ಟಿಯ ಮೇಲೆ ಒಂದೊಂದು ಹನಿ ರಕ್ತ ಇಟ್ಟು ನೋಡುವುದು. ಮೇಲಿನವರು ‘ಎಲ್ಲಾ ಕಣಗಳ ಹೆಸರೂ ಹೀಗೆ ಬಾಯಿಪಾಠ ಮಾಡಿದವರನ್ನು ನೋಡಿಲ್ಲ’ ಅಂದರು. ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಕಾಲೇಜಿನಲ್ಲಿ ಅಂದೆ.

ಹಾಸ್ಟೆಲಿನ ಕಿಟಕಿಗೆ ಚಿಲಕ ಇದೆ. ನೀರು ಕುದಿಸಿ ಕುಡಿಯುತ್ತೇನೆ. ಗೋಡೆ ತಣ್ಣಗಿರುವುದರಿಂದ ಬಟ್ಟೆ ಒಣಗಲು ಎರಡು ದಿನ ಬೇಕು.

ಅವರನ್ನು ನೀನು ಬೈಯಬಾರದು. ಇಲ್ಲದ ಮನಸ್ಸನ್ನು ಇದೆ ಎಂದು ಹೇಳಿ ನನ್ನನ್ನು ಉಳಿಸಿಕೊಳ್ಳಲಿಲ್ಲವಲ್ಲ, ಅದು ದೊಡ್ಡದು. ನನಗೂ ಈಗ ಏನೂ ಇಲ್ಲ. ನಿನ್ನ ಉಪಾಯ ಎಲ್ಲ ಅಂದುಕೊಂಡ ಹಾಗೇ ಆಯಿತು ನೋಡು. ಒಪ್ಪಂದ ಒಂದು ದಿನವೂ ಹೆಚ್ಚು ಕಡಿಮೆಯಾಗಲಿಲ್ಲ.

ಕಣ್ಣು ಕಾಣುತ್ತಿದೆಯೇ? ಬರೆ.

ಕಡ್ಡಿ


ಡಿಸೆಂಬರ್ 3

ಕಡ್ಡಿಗೆ,

ಈ ಲಕೋಟೆಯಲ್ಲಿ ಇನ್ನೂ ಮೂರು ಕಾಗದಗಳಿವೆ. ಮೊದಲು ಇದನ್ನು ಪೂರ್ತಿ ಓದಿ ಆಮೇಲೆ ಅವನ್ನು ತೆಗೆ. ಕೂತು ಓದು.

ಎರಡು ಅವನು ನನಗೆ ಬರೆದದ್ದು. ಮೊದಲನೆಯದರ ಮೇಲಿನ ತಾರೀಖು ನೋಡು: ಸೆಪ್ಟೆಂಬರ್ ಹನ್ನೊಂದು. ‘ಹೋಗಬೇಡ’ ಎಂದು ನಿನ್ನನ್ನು ಕೇಳಲು ಅವನು ಅವತ್ತೇ ನನ್ನ ಅನುಮತಿ ಕೇಳಿದ್ದ. ಅದು ಬಂದಾಗ ನನ್ನ ಕಣ್ಣಿಗೆ ಕಟ್ಟಿತ್ತು. ಓದದೆಯೇ ಉತ್ತರ ಬರೆಸಿದೆ. ಆ ಉತ್ತರವನ್ನು ಅವನಿಗೆ ಓದಿ ಹೇಳಿದವಳು ನೀನು. ನಿನ್ನ ಬಾಯಲ್ಲೇ ಅವನಿಗೆ ಬೇಡ ಅನ್ನಿಸಿದೆ ನಾನು. ಸಿನಿಮಾದಲ್ಲಿ ಆ ಜಾಗ ಯಾಕೆ ಕತ್ತರಿಸಿದ ಎನ್ನುವುದು ಎರಡನೆಯದರಲ್ಲಿದೆ. ನನ್ನ ಬಾಯಿಂದ ಹೇಳಿಸಬೇಡ, ಅವನ ಅಕ್ಷರದಲ್ಲೇ ಓದಿಕೊ.

ಮೂರನೆಯದು ನಾನು ಅವನಿಗೆ ಬರೆದದ್ದು. ‘ವಿಳಾಸದಾರರು ಇಲ್ಲ’ ಎಂದು ಮೊಹರು ಹೊತ್ತು ಹೋದ ತಿಂಗಳು ಹದಿನೆಂಟನೇ ತಾರೀಖು ವಾಪಸ್ ಬಂತು. ನರ್ಸಮ್ಮನ ಆಸ್ಪತ್ರೆಯ ಫೋನಿನಿಂದ ಥಿಯೇಟರಿಗೆ ಮಾತಾಡಿದೆ. ಮಾಲೀಕ, ‘ಟೆಂಟು ಇವತ್ತೊಂದು ಕಡೆ ನಾಳೆ ಒಂದು ಕಡೆ, ನನಗೇನು ಗೊತ್ತಮ್ಮ? ಕೋಣೆಗೆ ಬೇರೆ ಸಂಸಾರ ಬಂದಾಯ್ತು’ ಅಂದ. ನಿನ್ನ ಮಾವನ ಹತ್ತಿರ, ‘ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು, ಹುಡುಕುತ್ತೇನೆ’ ಅಂದೆ. ‘ಯಾರನ್ನಮ್ಮಾ? ಹೆಂಡತಿಯನ್ನ ಬಿಟ್ಟು ಹೋದವನನ್ನಾ?’ ಅಂದ. ನಾನು ಎದ್ದು ಅಡುಗೆಮನೆಗೆ ಹೋದೆ.

ಇನ್ನು ಬಚ್ಚಿಟ್ಟು ಏನಾಗಬೇಕು ಎಂದು ಸೊಸೆಗೆ ಎಲ್ಲ ಹೇಳಿದೆ. ತರಕಾರಿ ಹೆಚ್ಚುತ್ತಿದ್ದಳು. ಕತ್ತಿ ಕೆಳಗಿಟ್ಟಳು. ‘ಅತ್ತೆ, ನನ್ನ ಕೈಗೆ ಕೊಟ್ಟಿದ್ರೆ ಓದಿ ಹೇಳ್ತಿದ್ದೆ. ಯಾರಿಗೂ ಹೇಳ್ತಿರ್ಲಿಲ್ಲ’ ಅಂದಳು. ನಿಜವೋ ಸುಳ್ಳೋ ತಿಳಿದುಕೊಳ್ಳುವ ದಾರಿ ಈಗ ಇಲ್ಲ. ಹದಿನೆಂಟು ವರ್ಷದಿಂದ ಅವಳ ಜೊತೆ ಒಂದೇ ಅಡುಗೆಮನೆಯಲ್ಲಿದ್ದೇನೆ, ಒಂದು ಕಾಗದಕ್ಕಾದರೂ ಅವಳನ್ನು ನಂಬಲು ನನಗೆ ಆಗಿರಲಿಲ್ಲ. ಅವಳು ಅತ್ತದ್ದನ್ನು ಈ ಹೊಸ ಕಣ್ಣಿನಲ್ಲಿ ಮೊದಲ ಸಲ ನೋಡಿದೆ. ಮಾವನಿಗೆ ಇನ್ನೂ ಹೇಳಿಲ್ಲ.

ಅಂದುಕೊಂಡ ಹಾಗೇ ಆಯಿತು ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಡಾಕ್ಟರು ಕಣ್ಣಿಗೆ ಶ್ರಮ ಕೊಡಬೇಡ ಅಂದಿದ್ದಾರೆ.

ಅವನನ್ನು ಹುಡುಕು ಅಂತ ನಾನು ಹೇಳುವುದಿಲ್ಲ. ಬಿಟ್ಟುಬಿಡು ಅಂತಲೂ ಹೇಳುವುದಿಲ್ಲ. ನಿನಗೆ ಮೂರು ವರ್ಷದ ಕರಾರಿದೆ, ಅವನಿಗೆ ನಿಲ್ಲುವ ಊರಿಲ್ಲ, ನನಗೆ ಬಸ್ಸು ಹತ್ತುವ ಕಾಲಿಲ್ಲ. ನಿಮ್ಮಿಬ್ಬರಿಗೂ ಹೀಗೆ ಮಾಡಿ ಹಾಗೆ ಮಾಡಿ ಎಂದು ನಾನು ಹೇಳಿದ್ದು ಸಾಕು. ಈ ಕಾಗದಗಳು ನನ್ನ ಹೆಸರಿಗೆ ಬಂದಿದ್ದವು, ಆದರೆ ನನ್ನವಲ್ಲ. ನಿನ್ನವು. ಅದಕ್ಕೇ ಕಳಿಸುತ್ತಿದ್ದೇನೆ.

ಓದಿ ಆದಮೇಲೆ ಬರೆ. ಬೈದು ಬರೆ. ಎಷ್ಟು ಪುಟವಾದರೂ ಸರಿ, ನಾನೇ ಓದುತ್ತೇನೆ.

ನಿನ್ನ ಅಜ್ಜಿ